ಗ್ರಹಣದ ದಿನದ ಗಂಜೀಫ

ಏಳು ತಿಂಗಳ ಬಸುರಿ ತಂಗಿ ವಿರೂಪಮ್ಮನನ್ನು ತವರಿಗೆ ಕರೆದೊಯ್ಯಲು ನಾನು ಕುರುಗೋಡಿನಿಂದ ಸಿರುಗುಪ್ಪಕ್ಕೆ ಬಂದಿದ್ದೆ. ಅವಳ ಮಾವ ಗವಿಸಿದ್ದಪ್ಪ "ಗ್ರಹಣ ಕಳೀಲಿ" ಎಂದು ತಡೆದ. ಎಂಬತ್ತನೇ ಇಸವಿಯ ಆ ಸೂರ್ಯಗ್ರಹಣಕ್ಕೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ತಂಗಿಯ ಗಂಡ ಬಳ್ಳಾರಿಗೆ ಹೋದವನು ಬಂದಿರಲಿಲ್ಲ. ಅವಳನ್ನು ಒಳಕೋಣೆಯಲ್ಲಿ ಕಂಬಳಿಯ ಮೇಲೆ ಮಲಗಿಸಿ, ಅಲುಗಾಡಬೇಡ ಎಂದು ತಾಕೀತು ಮಾಡಿದ್ದರು.

ಪಡಸಾಲೆಯಲ್ಲಿ ಗವಿಸಿದ್ದಪ್ಪ, ಜಟಕಾ ಹೊಡೆಯುವ ಗೆಳೆಯ ಲಾಲಸಾಬನ ಜೊತೆ ಗಂಜೀಫ ಆಡುತ್ತ ಕೂತಿದ್ದ. ದಶಾವತಾರದ ಚಿತ್ರಗಳಿದ್ದ ದುಂಡನೆಯ ಇಸ್ಪೀಟೆಲೆಗಳ ಆಟ. ಹಗಲಾದರೆ ರಾಮನ ಎಲೆ ಇದ್ದವನು ಆಟ ಶುರು ಮಾಡಬೇಕು, ರಾತ್ರಿಯಾದರೆ ಕೃಷ್ಣನ ಎಲೆ ಇದ್ದವನು. ಗ್ರಹಣದಲ್ಲಿ ಹೇಗೆಂದು ಆಟ ಕಲಿಸಿದ ಪುಣ್ಯಾತ್ಮರು ಯಾರೂ ಹೇಳಿರಲಿಲ್ಲ. ಲಾಲಸಾಬನ ಕೈಯಲ್ಲಿ ರಾಮ, ಗವಿಸಿದ್ದಪ್ಪನ ಕೈಯಲ್ಲಿ ಕೃಷ್ಣ. ಬೆಳಕು ಮಂಕಾದಂತೆ ವಾದ ಜೋರಾಯಿತು.

ಅಷ್ಟರಲ್ಲಿ ಒಳಗಿನಿಂದ ತಂಗಿ "ಅಕ್ಕಾ" ಎಂದಳು. ಹೋಗಿ ನೋಡಿದರೆ ಸೀರೆ ರಕ್ತದಲ್ಲಿ ತೊಯ್ದಿತ್ತು. ಪಡಸಾಲೆಗೆ ಓಡಿದೆ.

"ಮಾವಾರ, ರಕ್ತ ಹೊಂಟೈತ್ರಿ. ದವಾಖಾನಿಗೆ ಒಯ್ಯಬೇಕು."

"ಗ್ರಹಣ ಬಿಡೂತನಕ ಬಾಗಿಲಾ ತೆಗಿಯಂಗಿಲ್ಲವ್ವಾ. ಕೂಸಿಗೆ ಕೇಡಾಕ್ಕತಿ."

ಲಾಲಸಾಬ್ ಏಳಹೋದ. ಗವಿಸಿದ್ದಪ್ಪ ಅವನ ರಟ್ಟೆ ಹಿಡಿದು ಕೂರಿಸಿದ. "ಇದು ನನ್ನ ಮನಿ. ಎಲಿ ಹಿಡಿ." ಹೇಳುವಾಗ ಅವನ ಕಣ್ಣು ಅಗುಳಿ ಹಾಕಿದ ಬಾಗಿಲ ಮೇಲೇ ಇತ್ತು. ಹೆದರಿದ ಮುದುಕ, ಆಟದ ಹಿಂದೆ ಅಡಗಿಕೊಂಡಿದ್ದ. ನನಗೆ ಕನಿಕರ ಬರಲಿಲ್ಲ, ಮೈಯೆಲ್ಲ ಉರಿಯಿತು.

ಒಳಗೆ ಹಳೆಯ ಸೀರೆಗಳನ್ನು ಹರಿದು ಹರಿದು ಒತ್ತಿದೆ. ಎಲ್ಲವೂ ತೊಯ್ದವು. ತಂಗಿಯ ತುಟಿ ಬಿಳಿಚಿತು. ದೇವರೇ, ಯಾರನ್ನು ಕರೆಯಲಿ ಎನ್ನುವಾಗಲೇ ಕೋಣೆ ಪೂರ್ತಿ ಕತ್ತಲಾಯಿತು.

"ನೋಡು, ರಾತ್ರಿ ಆತು! ಕೃಷ್ಣಂದ ಆಟ!" ಪಡಸಾಲೆಯಿಂದ ಗವಿಸಿದ್ದಪ್ಪನ ದನಿ.

ಓಡಿಹೋಗಿ ಎದುರಿಗೆ ನಿಂತೆ. "ರಾತ್ರಿ ಅಂತ ನೀವ ಅಂದ್ರಿ. ರಾತ್ರ್ಯಾಗ ಸೂರ್ಯಗ್ರಹಣ ಎಲ್ಲಿಂದ ಬಂತ್ರಿ? ತೆಗೀರಿ ಬಾಗಿಲಾ!"

ಗವಿಸಿದ್ದಪ್ಪ ಎಲೆಗಳನ್ನೆಲ್ಲ ಕೆಳಗೆ ಚೆಲ್ಲಿದ. ಜನ್ಮದಲ್ಲಿ ಸೋಲೊಪ್ಪದ ಮನುಷ್ಯ ಕೈ ಮುಗಿದ. "ಹಗಲ ಐತಿ. ರಾಮಂದ ಆಟ. ನಾ ಸೋತೆ. ಬಾಗಿಲಾ ಮಾತ್ರ ತೆಗೀಬ್ಯಾಡ್ರಿ."

"ಹಗಲಿದ್ರ ಹಗಲಿರ್ಲಿ ಗವಿಸಿದ್ದಣ್ಣ," ಎಂದು ಲಾಲಸಾಬ್ ಎದ್ದು ಅಗುಳಿ ಎಳೆದ. "ಹಗಲೊತ್ತು ಜಟಕಾ ಹೊಡಿಯೂದು ನನ್ನ ಕೆಲಸ."

ತಂಗಿಯನ್ನು ಕಂಬಳಿ ಸಮೇತ ಎತ್ತಿ ಜಟಕಾದಲ್ಲಿ ಮಲಗಿಸಿದೆವು. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಅರ್ಧ ದಾರಿಯಲ್ಲಿ ಬೆಳಕು ಮರಳಿತು. ಹಿಂದಿರುಗಿ ನೋಡಿದರೆ ಗವಿಸಿದ್ದಪ್ಪ ಬರಿಗಾಲಲ್ಲಿ, ತಲೆಯ ಮೇಲೆ ಟವೆಲ್ ಹೊದ್ದು, ಜಟಕಾದ ಹಿಂದೆ ಓಡಿ ಬರುತ್ತಿದ್ದ.

ತಂಗಿ ಉಳಿದಳು. ಕೂಸು ಉಳಿಯಲಿಲ್ಲ.

"ಇಷ್ಟೊತ್ತು ಏನ್ ಮಾಡ್ತಿದ್ರಿ?" ಡಾಕ್ಟರಮ್ಮ ಸಿಟ್ಟಿನಿಂದ ನನ್ನನ್ನು ಕೇಳಿದರು.

ಗೋಡೆಗೊರಗಿ ಕೂತಿದ್ದ ಗವಿಸಿದ್ದಪ್ಪನೇ ಹೇಳಿದ. "ಹಗಲೋ ರಾತ್ರಿಯೋ ಅಂತ ವಾದ ಮಾಡ್ತಿದ್ವಿ, ತಾಯಿ."