ನನ್ನನ್ನು ನಲವತ್ತಾರು ಎಂದು ಕರೆದರು

ಒಂದು ಗೇಣು ಅಗಲ, ಅದಕ್ಕಿಂತ ನಾಲ್ಕು ಬೆರಳು ಕಡಿಮೆ ಎತ್ತರ. ಇಷ್ಟೇ ನಾನು. ಮಾಂಜರಪಾಟ ಎಂಬ ಒರಟು ಹತ್ತಿ ಬಟ್ಟೆಯ ಒಂದು ತುಂಡು. ನಾಲ್ಕು ಮೂಲೆಗೆ ನಾಲ್ಕು ಪಿನ್ನು ಚುಚ್ಚಿ ಓಟಗಾರನ ಎದೆಗೆ ನನ್ನನ್ನು ಹಚ್ಚುತ್ತಾರೆ. ಎಲ್ಲರೂ ಚೆಸ್ಟ್ ನಂಬರ್ ಅನ್ನುತ್ತಾರೆ. ನನ್ನನ್ನು ಹುಟ್ಟಿಸಿದ ಹೊಸಮನಿ ಸರ್ ಮಾತ್ರ ಎದೆ ಅಂಕಿ ಅನ್ನುತ್ತಿದ್ದರು. ನನಗೂ ಆ ಹೆಸರೇ ಇಷ್ಟ.

ಇಡೀ ಬಾಳಿನಲ್ಲಿ ನಾನು ಒಬ್ಬನ ಎದೆಯ ಮೇಲೆ ಒಂದೇ ಒಂದು ಬೆಳಿಗ್ಗೆ ಇದ್ದೆ. ಉಳಿದದ್ದೆಲ್ಲ ಮಡಿಚಿಟ್ಟ ಬಾಳು.

ಹೊಸಮನಿ ಸರ್ ಗದಗಿನ ಕಡೆಯ ಒಂದು ಸಣ್ಣ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ಅಂತರ ಕಾಲೇಜು ಪುರುಷರ ಗುಡ್ಡಗಾಡು ಓಟಕ್ಕೆ ವಿಶ್ವವಿದ್ಯಾಲಯದಿಂದ ಪತ್ರ ಬಂದಿತ್ತು. ನಮ್ಮ ಕಾಲೇಜಿಗೆ ನಲವತ್ನಾಲ್ಕರಿಂದ ನಲವತ್ತೊಂಬತ್ತರವರೆಗಿನ ಸಂಖ್ಯೆಗಳು. ಬಟ್ಟೆ ಮಾತ್ರ ಆಯಾ ಕಾಲೇಜಿನವರೇ ಬರೆಸಿ ತರಬೇಕು. ಅದು ನವೆಂಬರ್ ತಿಂಗಳು. ರಾಜ್ಯೋತ್ಸವದ ದಿನ ಸರ್ ಭಾಷಣ ಮಾಡಿ ಇನ್ನೂ ವಾರ ಆಗಿರಲಿಲ್ಲ.

"ಈ ಸಲ ನಮ್ಮ ಹುಡುಗರ ಎದಿ ಮ್ಯಾಲೆ ಕನ್ನಡ ಅಂಕಿನ ಇರಬೇಕು," ಎಂದರು.

ಮನೆಯ ಪಡಸಾಲೆಯಲ್ಲಿ ಹಳೆಯ ಎಕ್ಸ್‌ರೇ ಹಾಳೆ ಹರವಿಕೊಂಡು ಬ್ಲೇಡಿನಿಂದ ಅಂಕಿಗಳ ಅಚ್ಚು ಕತ್ತರಿಸಿದರು. ಯಾರದೋ ಪಕ್ಕೆಲುಬಿನ ನೆರಳು ಆ ಹಾಳೆಯಲ್ಲಿ ಇನ್ನೂ ಕಾಣುತ್ತಿತ್ತು. ಅವರ ಹೆಂಡತಿ ಚಹ ತಂದಿಟ್ಟು, "ಕ್ಯಾಲೆಂಡರ್ ನೋಡಿ ಬರೀರಿ, ಅದ್ರಾಗ ಅದಾವಲ್ಲ," ಎಂದರು. "ಏ, ಸಾಲ್ಯಾಗ ಮೂರನೇತ್ತ ಇದ್ದಾಗ ಕಲತದ್ದು. ಕ್ಯಾಲೆಂಡರ್ ಯಾಕ ಬೇಕು?" ಎಂದು ಸರ್ ನಕ್ಕರು. ಅಚ್ಚಿನ ಮೇಲೆ ಕರಿ ಬಣ್ಣ ಒತ್ತಿದರು. ತಣ್ಣಗೆ ಒದ್ದೆಯಾದಾಗ ನನಗೊಂದು ಹೆಸರು ಬಂತು. ಸಾಲಿನಲ್ಲಿ ಮೂರನೆಯವನು ನಾನು. "ನಲವತ್ತಾರು," ಎಂದು ಸರ್ ನನ್ನನ್ನು ಬಿಸಿಲಿಗೆ ಹಾಕಿದರು. ಹುಟ್ಟಿಸಿದವರು ಕರೆದದ್ದೇ ಹೆಸರು. ನಾನೂ ಅದನ್ನೇ ನಂಬಿದೆ.

ಓಟದ ಬೆಳಿಗ್ಗೆ ಸರ್ ನನ್ನನ್ನು ಫಕ್ಕೀರೇಶನ ಎದೆಗೆ ತಾವೇ ಹಚ್ಚಿದರು. ಫಕ್ಕೀರೇಶ ಬಿ.ಎ. ಕೊನೆಯ ವರ್ಷದವನು, ಮಾತು ಕಡಿಮೆ. ಎದೆಯ ಮೇಲಿರುವವರಿಗೆ ಮನುಷ್ಯರು ಕೆಳಗಿನಿಂದಲೇ ಕಾಣುವುದು: ಗದ್ದ, ಗಂಟಲಿನ ಮಣಿ, ಮೂಗಿನ ಎರಡು ಹೊಳ್ಳೆ. ಅವನ ಗದ್ದದ ಅಡಿಯಲ್ಲಿ ಕತ್ತರಿ ಮುಟ್ಟದ ನಾಲ್ಕು ಕೂದಲಿದ್ದವು. ಅವನ ಕೋಣೆಯ ಗೆಳೆಯ ದಾವಲ, ಎದೆ ಅಂಕಿ ನಲವತ್ತೊಂಬತ್ತರವನು, ಪಕ್ಕದಲ್ಲೇ ಬೂಟಿನ ಲಾಡಿ ಕಟ್ಟುತ್ತಿದ್ದ.

"ಫಕ್ಕೀರಾ, ಹೋದ ವರ್ಷ ಏಳನೇದವ ಬಂದಿದ್ದಿ. ಈ ವರ್ಷ ಆರರೊಳಗ ಬರಲಿಲ್ಲಂದ್ರ ನಿನ್ನ ಹಾಸಿಗಿ ಹೊರಗ ಒಗೀತೀನಿ ನೋಡು."

"ನೀ ಎಷ್ಟನೇದವ ಬರ್ತಿ?"

"ನಾ ಓಡಾಕ ಬಂದಿಲ್ಲೋ. ಆರು ಮಂದಿ ಬೇಕಂತ ಸರ್ ಎಳಕೊಂಡ್ ಬಂದಾರ. ನಾ ಲೆಕ್ಕಕ್ಕ ಅದೀನಿ."

ಮೊದಲ ಆರು ಜನ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗುತ್ತಾರೆ, ಅಖಿಲ ಭಾರತ ಓಟಕ್ಕೆ ಹೋಗುತ್ತಾರೆ. ಫಕ್ಕೀರೇಶ ಮೂರು ವರ್ಷ ಓಡಿದ್ದು ಅದಕ್ಕಾಗಿ. ಮುಂದಿನ ವರ್ಷ ಅವನಿಗೆ ಕಾಲೇಜು ಇಲ್ಲ. ಇದು ಕೊನೆಯ ಸಲ.

ಮುಖ್ಯ ರೆಫರಿ ಅಂಗಡಿ ಸರ್ ನಮ್ಮ ಆರು ಜನರನ್ನು ತಡೆದು ನಿಲ್ಲಿಸಿದರು. "ಇವೇನ್ರೀ ಹೊಸಮನಿ? ಇವನ್ನ ಯಾರು ಓದಬೇಕು?"

ಹೊಸಮನಿ ಸರ್ ಎದೆ ಸೆಟೆಸಿ ನಿಂತರು. "ಕನ್ನಡ ನಾಡಿನಾಗ ಕನ್ನಡ ಅಂಕಿ ಓದಾಕ ಬರಂಗಿಲ್ಲಂದ್ರ ತಪ್ಪು ಅಂಕಿದಲ್ರೀ, ಓದಾವ್ರದು." ಸುತ್ತ ನಿಂತ ಹುಡುಗರು ಚಪ್ಪಾಳೆ ತಟ್ಟಿದರು. ಯಾರೋ ಸಿಳ್ಳೆ ಹಾಕಿದರು. ಅಂಗಡಿ ಸರ್ ಮುಖ ಕೆಂಪಾಯಿತು. ಕೊನೆಗೆ ಓಟ ನಡೆಸುತ್ತಿದ್ದ ಕಾಲೇಜಿನ ಕನ್ನಡ ಉಪನ್ಯಾಸಕಿ ಶಕುಂತಲಾ ಮೇಡಂ ಅವರನ್ನು ಕರೆಸಿ, ಮುಕ್ತಾಯದ ಗೆರೆಯ ಪಕ್ಕದ ಮೇಜಿನಲ್ಲಿ ನಮ್ಮನ್ನು ಓದುವುದಕ್ಕೆಂದೇ ಕೂರಿಸಿದರು. ಆ ಗಳಿಗೆಯಲ್ಲಿ ನನಗೆ ಹೆಮ್ಮೆಯಾಗಿತ್ತು. ಸುಳ್ಳು ಹೇಳುವುದಿಲ್ಲ.

ಸೀಟಿ ಊದಿದರು.

ಹನ್ನೆರಡು ಕಿಲೋಮೀಟರು. ಕೆರೆಯ ಏರಿ, ಆಮೇಲೆ ಎರೆ ಹೊಲದ ಬದು, ಉಳ್ಳಾಗಡ್ಡಿ ರಾಶಿಗಳ ನಡುವಿನ ಬಂಡಿದಾರಿ, ಆಮೇಲೆ ಕಲ್ಲುಗುಡ್ಡ. ನನಗೆ ದಾರಿ ಕಂಡದ್ದು ಕಡಿಮೆ, ಕೇಳಿಸಿದ್ದೇ ಹೆಚ್ಚು. ನನ್ನ ಹಿಂದೆ, ಬನಿಯನ್ನಿನ ಆಚೆ, ಅವನ ಹೃದಯ ಇತ್ತು. ಏರಿಯ ಮೇಲೆ ಅದು ತಾಳ ಹಿಡಿದಂತೆ ಹೊಡೆಯುತ್ತಿತ್ತು. ಹೊಲದಲ್ಲಿ ಮಣ್ಣು ಬೂಟಿಗೆ ಮೆತ್ತಿಕೊಂಡಾಗ ಬಡಿತ ಭಾರವಾಯಿತು. ಗುಡ್ಡದಲ್ಲಿ ಅದು ನನ್ನನ್ನು ಒಳಗಿನಿಂದ ಗುದ್ದತೊಡಗಿತು. ಅವನ ಬೆವರು ನನ್ನ ದಾರ ದಾರಕ್ಕೂ ಇಳಿಯಿತು. ಒಬ್ಬೊಬ್ಬರ ಉಸಿರು ಪಕ್ಕಕ್ಕೆ ಬಂದು ಹಿಂದೆ ಸರಿಯಿತು. ಫಕ್ಕೀರೇಶ ಹನ್ನೊಂದನೆಯವನಾದ, ಒಂಬತ್ತನೆಯವನಾದ. ಗುಡ್ಡದ ನೆತ್ತಿಯಲ್ಲಿ ಒಬ್ಬ ಕಲ್ಲಿನ ಮೇಲೆ ಕೂತು ವಾಂತಿ ಮಾಡಿಕೊಳ್ಳುತ್ತಿದ್ದ. ಫಕ್ಕೀರೇಶ ಓಡುತ್ತಲೇ, "ನೀರು ಕುಡಿಬ್ಯಾಡ, ಸುಮ್ನ ಕುಂಡ್ರು," ಎಂದು ಹೇಳಿ ಹೋದ. ಆಗ ಅವನು ಆರನೆಯವನು.

ಇಳಿಜಾರಿನಲ್ಲಿ ಅವನು ಬಿದ್ದ. ಬಲ ಅಂಗೈ ತರಚಿತು, ನನ್ನ ಕೆಳಗಿನ ಒಂದು ಪಿನ್ನು ಕಿತ್ತುಹೋಯಿತು. ಎದ್ದು, ಹಾರುತ್ತಿದ್ದ ನನ್ನ ಮೂಲೆಯನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಕೊನೆಯ ಎರಡು ಫರ್ಲಾಂಗು ಓಡಿದ. ಅವನ ಅಂಗೈಯ ರಕ್ತ ನನಗೆ ಹತ್ತಿತು. ಇನ್ನಿಬ್ಬರ ಉಸಿರು ಹಿಂದೆ ಉಳಿಯಿತು. ಗೆರೆ ದಾಟಿದಾಗ ಮುಂದೆ ಮೂವರೇ ಇದ್ದರು.

ನಾಲ್ಕನೆಯವನು! ಶಕುಂತಲಾ ಮೇಡಂ ಕನ್ನಡಕದ ಮೇಲಿಂದ ನನ್ನನ್ನು ಓದಿ ಬರೆದುಕೊಂಡರು. ಫಕ್ಕೀರೇಶ ಹುಲ್ಲಿನ ಮೇಲೆ ಮಲಗಿ ಆಕಾಶ ನೋಡಿ ಒಬ್ಬನೇ ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಹಳ ಹೊತ್ತಾದ ಮೇಲೆ, ನಲವತ್ತೊಂದನೆಯವನಾಗಿ, ದಾವಲ ಕುಂಟುತ್ತ ಬಂದ. ಬಂದವನೇ ಗೆಳೆಯನನ್ನು ಎತ್ತಿ ಸುತ್ತಿಸಿದ.

ಒಂಬತ್ತೂವರೆಗೆ ಧ್ವನಿವರ್ಧಕದಲ್ಲಿ ಫಲಿತಾಂಶ ಹೇಳಿದರು.

"ನಾಲ್ಕನೇ ಸ್ಥಾನ, ಚೆಸ್ಟ್ ನಂಬರ್ ನಲವತ್ತೊಂಬತ್ತು, ದಾವಲಸಾಬ ನದಾಫ."

ದಾವಲ ಮೊದಲು ಬಿದ್ದು ಬಿದ್ದು ನಕ್ಕ. "ಕೇಳಿದೇನೋ? ನಾ ನಾಕನೇದವ ಬಂದೇನಂತ!" ಆಮೇಲೆ ಫಕ್ಕೀರೇಶನ ಮುಖ ನೋಡಿ ನಗು ನಿಲ್ಲಿಸಿದ. ಇಬ್ಬರೂ ಮೇಜಿನ ಹತ್ತಿರ ಓಡಿದರು. ಹೊಸಮನಿ ಸರ್ ಕೂಡ ಬಂದರು.

"ಮೇಡಂ, ಇವ ನಲವತ್ತಾರು. ನೀವು ತಪ್ಪು ಓದೀರಿ," ಎಂದರು ಸರ್, ತುಸು ಜೋರಾಗಿಯೇ.

ಶಕುಂತಲಾ ಮೇಡಂ ನನ್ನನ್ನು ಮತ್ತೆ ನೋಡಿದರು. ದಾವಲನ ಎದೆಯನ್ನೂ ನೋಡಿದರು. ಆಮೇಲೆ ಸುತ್ತ ನೋಡಿ, ದನಿ ತಗ್ಗಿಸಿದರು. "ಸರ್, ಇದು ಒಂಬತ್ತರೀ. ಆರು ಈ ಇನ್ನೊಬ್ಬನ ಎದಿ ಮ್ಯಾಲೆ ಐತಿ. ಬರಿಯೂವಾಗ ಅದಲು ಬದಲು ಆಗೇತಿ." ಒಂದು ಚೀಟಿಯ ಮೇಲೆ ಎರಡನ್ನೂ ಬರೆದು ತೋರಿಸಿದರು. ೬. ೯. ಎರಡಕ್ಕೂ ಒಂದೇ ಮೈ. ಬಾಲ ಹೊರಳುವ ರೀತಿಯಷ್ಟೇ ಬೇರೆ. ನನ್ನ ಮೇಲೆ ಇದ್ದದ್ದು ೪೯.

ಎಲ್ಲರಿಗಿಂತ ಕೊನೆಗೆ ನನ್ನ ಹೆಸರು ನನಗೆ ಗೊತ್ತಾಯಿತು.

ಸರ್ ಆ ಚೀಟಿಯನ್ನು ನೋಡುತ್ತ ನಿಂತುಬಿಟ್ಟರು. ಆಕ್ಷೇಪಣೆ ಇದ್ದರೆ ತಂಡದ ಮ್ಯಾನೇಜರೇ ಬರೆದು ಕೊಡಬೇಕು, ಅರ್ಧ ಗಂಟೆಯೊಳಗೆ. ಅದು ನಿಯಮ. ಮ್ಯಾನೇಜರು ಹೊಸಮನಿ ಸರ್. ಮೇಡಂ ಒಂದು ಬಿಳಿ ಹಾಳೆ ಕೊಟ್ಟರು. ಸರ್ ಅದನ್ನು ತೆಗೆದುಕೊಂಡು ಬೇವಿನ ಮರದ ಕಟ್ಟೆಯ ಮೇಲೆ ಕೂತು, 'ಮಾನ್ಯರೇ' ಎಂದು ಬರೆದು ಪೆನ್ನು ನಿಲ್ಲಿಸಿದರು.

ಹತ್ತು ಹೆಜ್ಜೆ ದೂರದಲ್ಲಿ ಫಕ್ಕೀರೇಶ ನಿಂತಿದ್ದ. ಅವನ ಎದೆ ಗುಡ್ಡದ ಮೇಲೆ ಹೊಡೆದದ್ದಕ್ಕಿಂತ ಜೋರಾಗಿ ಹೊಡೆಯುತ್ತಿತ್ತು. ನಿಂತಲ್ಲೇ. ಹದಿನೈದು ನಿಮಿಷ ಕಳೆಯಿತು.

"ಹೋಗಿ ಹೇಳೋ," ಎಂದು ದಾವಲ ಅವನ ಬೆನ್ನಿಗೆ ತಿವಿದ. "ನೀ ಹೇಳಂಗಿಲ್ಲಂದ್ರ ನಾ ಹೇಳ್ತೀನಿ."

"ಬ್ಯಾಡ. ಸರ್ ಬರ್ಯಾಕತ್ತಾರ."

ಆಗಲೇ ಅಂಗಡಿ ಸರ್ ಚಹದ ಕಪ್ಪು ಹಿಡಿದು ಆ ಕಡೆ ಬಂದರು. "ಏನ್ರೀ ಹೊಸಮನಿ, ಏನೋ ಬರ್ಯಾಕತ್ತೀರಿ? ನಮ್ಮವ್ರು ಕನ್ನಡ ಛೊಲೊ ಓದಿದ್ರಿಲ್ಲೋ?"

ಸರ್ ತಲೆಯೆತ್ತಿದರು. ಬೆಳಿಗ್ಗೆ ಚಪ್ಪಾಳೆ ತಟ್ಟಿದ ಹುಡುಗರು ಅಲ್ಲೇ ಬಾಳೆಹಣ್ಣು ತಿನ್ನುತ್ತಿದ್ದರು. "ಏನಿಲ್ರಿ," ಎಂದರು ಸರ್. "ಏನಿಲ್ಲ. ಛೊಲೊ ಓದ್ಯಾರ."

ಹಾಳೆಯನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. ಹತ್ತು ಗಂಟೆಗೆ ಸೀಟಿ ಊದಿದರು. ಆಕ್ಷೇಪಣೆಯ ಹೊತ್ತು ಮುಗಿಯಿತು. ಫಕ್ಕೀರೇಶನ ಹೃದಯ ನಿಧಾನವಾಯಿತು. ನಾನು ಅಂದುಕೊಂಡೆ: ಹುಡುಗ ಗುರುವಿನ ಮರ್ಯಾದೆ ಕಾಯ್ದ, ಒಳಗೊಳಗೇ ಕ್ಷಮಿಸಿದ. ಅಷ್ಟು ಹತ್ತಿರ ಇದ್ದ ನನಗೆ ತಿಳಿಯದೆ ಇನ್ನಾರಿಗೆ ತಿಳಿದೀತು ಎಂಬ ಜಂಬ ನನಗಿತ್ತು.

ಅವನು ನನ್ನನ್ನು ಬಿಚ್ಚಿ, ಮೂರು ಪಿನ್ನುಗಳ ಸಮೇತ ಸರ್ ಕೈಗೆ ಕೊಟ್ಟ. "ಒಂದು ಪಿನ್ ಬಿತ್ರೀ ಸರ್," ಎಂದ. ಅಷ್ಟೇ.

ದಾವಲ ವಿಶ್ವವಿದ್ಯಾಲಯದ ತಂಡದ ಜೊತೆ ಹೋಗುವುದಿಲ್ಲವೆಂದು ಹಟ ಹಿಡಿದ. ಕೊನೆಗೆ ಫಕ್ಕೀರೇಶನೇ ಅವನ ಚೀಲ ಕಟ್ಟಿ ರೈಲು ಹತ್ತಿಸಿದನಂತೆ. ಅಖಿಲ ಭಾರತ ಓಟದಲ್ಲಿ ದಾವಲ ಕೊನೆಯಿಂದ ಎರಡನೆಯವನು. ಮರಳಿ ಬಂದ ಮೇಲೆ ಅವನು ಮೈದಾನಕ್ಕೆ ಕಾಲಿಡಲಿಲ್ಲ. ಇದೆಲ್ಲ ನನಗೆ ಕಾಲೇಜಿನ ಕಪಾಟಿನೊಳಗಿದ್ದು, ಹುಡುಗರ ಮಾತಿನಿಂದ ತಿಳಿದದ್ದು.

ಮರುವರ್ಷದಿಂದ ಸರ್ ಇಂಗ್ಲಿಷ್ ಅಂಕಿಯ ಬಟ್ಟೆಗಳನ್ನು ತರಿಸಿದರು. ನನ್ನ ಜೊತೆಯ ಐವರು ಗುಂಡು, ಡಿಸ್ಕಸ್ ಒರೆಸುವ ಅರಿವೆಯಾದರು. ನನ್ನನ್ನು ಮಾತ್ರ ಸರ್ ಒರೆಸಲು ಕೊಡಲಿಲ್ಲ, ಒಗೆಯಲೂ ಇಲ್ಲ. ನಿವೃತ್ತಿಯ ದಿನ ಶಾಲಿನ ಜೊತೆ ನನ್ನನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ದು, ಟ್ರಂಕಿನ ತಳದಲ್ಲಿಟ್ಟರು. ಆಗಾಗ ಮುಚ್ಚಳ ತೆರೆದು ಮುಟ್ಟುತ್ತಿದ್ದರು. ಒಮ್ಮೆ ಹೆಂಡತಿಗೆ ಹೇಳುವುದು ಕೇಳಿಸಿತು: "ಆ ಹುಡುಗ ದೊಡ್ಡ ಮನಸಿನವ. ನನ್ನ ಸಲುವಾಗಿ ಬಾಯಿ ಬಿಡಲಿಲ್ಲ."

ಆ ಓಟ ನಡೆದು ಹದಿನಾರು ವರ್ಷದ ಮೇಲೆ, ಗಾಳಿಗೆ ತಂತಿ ಹರಿದು ಓಣಿಯ ಕರೆಂಟು ಹೋಗಿತ್ತು. ಕಂಬ ಹತ್ತಿ ಸರಿಮಾಡಿದ ಲೈನ್‌ಮನ್ ನೀರು ಕೇಳಲು ಬಾಗಿಲಿಗೆ ಬಂದ. ದನಿ ಕೇಳಿದ ಕೂಡಲೇ ನನಗೆ ಗುರುತಾಯಿತು. ಸರ್‌ಗೆ ತಡವಾಗಿ.

"ಫಕ್ಕೀರೇಶ ಏನೋ?"

"ಹೌದ್ರಿ ಸರ್. ಆರಾಮ ಅದೀರಿ?"

ಕೂರಿಸಿದರು. ನೀರು ಕೊಟ್ಟರು, ಚಹ ಕೊಟ್ಟರು. ಅವನಿಗೆ ಮದುವೆಯಾಗಿದೆ, ಇಬ್ಬರು ಮಕ್ಕಳು. ದಾವಲ ಹುಬ್ಬಳ್ಳಿಯಲ್ಲಿ ಗಾದಿ ಅಂಗಡಿ ಇಟ್ಟಿದ್ದಾನೆ, ಹಬ್ಬಕ್ಕೆ ಸುರಕುಂಬಾ ಪಾಯಸ ಕಳಿಸುತ್ತಾನೆ. ಓಡುತ್ತೀಯೇನೋ ಎಂದು ಕೇಳಿದಾಗ, "ಕಂಬ ಹತ್ತೂದ ಸಾಕಾಗೇತ್ರಿ," ಎಂದು ನಕ್ಕ. ಸರ್ ಎದ್ದು ಟ್ರಂಕು ತೆಗೆದರು. ನನ್ನನ್ನು ಅವನ ಮುಂದೆ ಹರವಿದರು. ಅವನ ಅಂಗೈಯ ರಕ್ತದ ಕಲೆ ಕಂದು ಬಣ್ಣಕ್ಕೆ ತಿರುಗಿತ್ತು.

"ಇದನ್ನ ನೀ ಇಟ್ಕೋ. ನಿಂದು."

ಫಕ್ಕೀರೇಶ ಬಗ್ಗಿ ನೋಡಿದ. ಮುಟ್ಟಲಿಲ್ಲ. "ನಂದಲ್ರೀ ಸರ್. ಇದು ದಾವಲಂದು. ನಂದು ನಲವತ್ತಾರು."

ಸರ್ ನನ್ನನ್ನು ಅವನ ಕಡೆಗೇ ಸರಿಸಿದರು. "ಅವತ್ತು ನನ್ನ ಮರ್ಯಾದಿ ಉಳಿಸಿದಿ. ನನ್ನ ಸಲುವಾಗಿ ಸುಮ್ನಿದ್ದಿ. ಅದನ್ನ ನಾ ಮರತಿಲ್ಲೋ."

"ಇಲ್ರಿ ಸರ್," ಎಂದ ಫಕ್ಕೀರೇಶ. ಸಿಟ್ಟಿರಲಿಲ್ಲ. ಎಂದೋ ಹೇಳಬೇಕಿದ್ದ ಮಾತನ್ನು ಹೇಳುವವನ ಹಾಗೆ ಹೇಳಿದ. "ನಿಮ್ಮ ಸಲುವಾಗಿ ಸುಮ್ನಿರಲಿಲ್ಲ. ನೀವು ಹೇಳ್ತೀರಿ ಅಂತ ಕಾಯ್ತಿದ್ದೆ."

ಕಪ್ಪು ಕೆಳಗಿಟ್ಟು, ನಮಸ್ಕಾರ ಮಾಡಿ, ಹಗ್ಗ ಹೆಗಲಿಗೇರಿಸಿ ಹೋದ.

ಅವತ್ತಿನ ಅರ್ಧ ಗಂಟೆಯನ್ನು ನಾನು ಮತ್ತೆ ನೆನೆದೆ. ಆ ಬಡಿತ ಕ್ಷಮೆಯದಲ್ಲ. ಒಂದೊಂದು ಬಡಿತವೂ ಈಗ ಬರೀತಾರೆ, ಈಗ ಏಳ್ತಾರೆ ಎಂದು ಎಣಿಸುತ್ತಿತ್ತು. ಸೀಟಿ ಊದಿದಾಗ ಅದು ಶಾಂತವಾಗಿರಲಿಲ್ಲ, ಬಿಟ್ಟುಕೊಟ್ಟಿತ್ತು. ಸರ್ ಒಬ್ಬರೇ ಅಲ್ಲ, ನಾನೂ ತಪ್ಪು ಓದಿದ್ದೆ.

ಆ ಸಂಜೆ ಬೆಳಕಿರುವಾಗಲೇ ಸರ್ ಕುರ್ಚಿ ಹೊರಗೆ ಹಾಕಿಕೊಂಡು ಬರೆದರು. 'ಮಾನ್ಯರೇ' ಎಂಬ ಮಾತಿನ ಮುಂದೆ ಈ ಸಲ ಪೆನ್ನು ನಿಲ್ಲಲಿಲ್ಲ. 'ಅಂಕಿಗಳನ್ನು ಬರೆದವನು ನಾನು, ತಪ್ಪು ಗೊತ್ತಾದ ಮೇಲೂ ಹೇಳದೆ ಇದ್ದವನು ನಾನು, ನಾಲ್ಕನೆಯ ಸ್ಥಾನ ಫಕ್ಕೀರೇಶನದು, ದಾಖಲೆ ತಿದ್ದಬೇಕು.' ಇಷ್ಟೇ. ಪತ್ರಕ್ಕೆ ನನ್ನನ್ನು ಸಾಕ್ಷಿಯಾಗಿ ಹಚ್ಚಿ, ಮರುದಿನ ಬಸ್ಸು ಹಿಡಿದು ವಿಶ್ವವಿದ್ಯಾಲಯಕ್ಕೆ ಒಯ್ದರು.

ಕಚೇರಿಯ ಹುಡುಗಿ ಎರಡು ಸಲ ಓದಿದಳು. "ಆ ವರ್ಷದ ರಿಜಿಸ್ಟರ್ ಸಿಗೂದ ಕಷ್ಟ ಐತ್ರಿ ಅಜ್ಜಾರ. ಈಗ ತಿದ್ದಿದ್ರ ಯಾರಿಗೇನು?"

"ತಿದ್ದೂದು ನಿಮಗ ಬಿಟ್ಟದ್ದವಾ. ನಾ ಕೊಟ್ಟೇನಿ ಅಂತ ಒಂದು ಸಿಕ್ಕಾ ಒತ್ತಿ ಕೊಡು."

ಅವಳು ಮುದ್ರೆ ಒತ್ತಿಕೊಟ್ಟ ನಕಲು ಪ್ರತಿಯನ್ನು ಸರ್ ಅಲ್ಲೇ ಮಡಿಚಿ ಲಕೋಟೆಗೆ ಹಾಕಿ, ಮೇಲೆ ಫಕ್ಕೀರೇಶನ ವಿದ್ಯುತ್ ಕಚೇರಿಯ ವಿಳಾಸ ಬರೆದರು. ಪಿನ್ ಕೋಡಿನ ಅಂಕಿಗಳನ್ನು ಮಾತ್ರ ಒಂದೊಂದಾಗಿ ಅವಳಿಗೆ ತೋರಿಸಿ, ಸರಿಯೋ ಎಂದು ಕೇಳಿ ಬರೆದರು.

ನಾನೀಗ ಒಂದು ಕಡತದೊಳಗಿದ್ದೇನೆ. ಮೇಲೆ ಕೆಳಗೆ ಕಾಗದ. ಆ ಲಕೋಟೆ ಮುಟ್ಟಿತೋ ಇಲ್ಲವೋ, ಮುಟ್ಟಿದರೆ ಫಕ್ಕೀರೇಶ ಅದನ್ನು ಓದಿ ಏನೆಂದನೋ ನನಗೆ ತಿಳಿಯುವ ಬಗೆಯಿಲ್ಲ. ಅವನ ಎದೆಯ ಮೇಲೆ ಈಗ ನಾನಿಲ್ಲ. ಇದ್ದಾಗಲೇ ನನಗೆ ತಿಳಿದದ್ದು ಅಷ್ಟಕ್ಕಷ್ಟೇ.