ಟೀಚರ್ ಬರೆದ ಉದಾಹರಣೆ

ಸಾವಿರದ ಒಂಬೈನೂರ ಮೂವತ್ತನಾಲ್ಕರ ಮಾತು. ಗೆರ್ಟ್ರೂಡ್ ಟೀಚರ್ ದಿನಕ್ಕೊಂದು ಇಂಗ್ಲಿಷ್ ಕ್ರಿಯಾಪದ ಕಲಿಸುತ್ತಿದ್ದರು. ಮೊದಲು ಅರ್ಥ, ಆಮೇಲೆ ಪ್ರಯೋಗ. ಪುಸ್ತಕದ ವಾಕ್ಯಗಳು ಅವರಿಗೆ ಸಪ್ಪೆ. ತರಗತಿಯ ಹುಡುಗಿಯರನ್ನೇ ಉದಾಹರಣೆಗೆ ಎಳೆದು ತರಬೇಕು. ಆ ಸೋಮವಾರದ ಪದ 'ಡಾಡ್ಲ್'. ಮಾಡುವ ಕೆಲಸ ಬಿಟ್ಟು ಸಮಯ ಹಾಳು ಮಾಡುವುದು ಎಂದು ಅವರು ವಿವರಿಸುತ್ತಿದ್ದಾಗಲೇ ದೇರೆಬೈಲಿನ ಕುಶಲಾ ಎಂದಿನಂತೆ ತಡವಾಗಿ ಬಂದು ಬಾಗಿಲಲ್ಲಿ ನಿಂತಳು. ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗಬೇಕು? 'ಕುಶಲಾ ಡಾಡ್ಲ್ಸ್ ಆನ್ ದ ರೋಡ್' ಎಂದು ಬೋರ್ಡಿನ ಮೇಲೆ ಬರೆದೇಬಿಟ್ಟರು. ಮೂವತ್ತು ಹುಡುಗಿಯರು ಕಿಸಿಕಿಸಿ ನಗುತ್ತ ಬರೆದುಕೊಂಡರು. ಕುಶಲಾಳೂ ಬರೆದುಕೊಂಡಳು.

ನಗು ಅಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಹುಡುಗಿಯರು ದಾರಿಯುದ್ದಕ್ಕೂ ಅದನ್ನು ರಾಗ ಎಳೆದು ಹೇಳಿದರು. ಕುಶಲಾಳ ಸೋದರಮಾವ, ಮನೆಯ ಯಜಮಾನ ಮಾಯಿಲಪ್ಪ, ಹಂಪನಕಟ್ಟೆಯ ಗುಮಾಸ್ತರೊಬ್ಬರಲ್ಲಿ ಅರ್ಥ ಕೇಳಿ ತಿಳಿದುಕೊಂಡು, ದಾರಿಯಲ್ಲಿ ಕಾಲ ಕಳೆಯುವವಳಿಗೆ ಓದು ಬೇಡವೆಂದು ಮರುದಿನವೇ ಅವಳನ್ನು ಶಾಲೆ ಬಿಡಿಸಿದ.

ತಪ್ಪು ಹುಡುಗಿಯದೇ ಎಂದು ಟೀಚರ್ ಸುಮ್ಮನಿದ್ದರು. ಗುರುವಾರ ಸಂಜೆ ಅವರ ತಾಯಿ ಆನಿಬಾಯಿ ಗೊಣಗಿದರು: ದಿನಾ ಬೆಳಿಗ್ಗೆ ಎರಡು ಕೊಡ ನೀರು ಸೇದಿಕೊಡುತ್ತಿದ್ದ ಕುಶಲಾ ಮೂರು ದಿನದಿಂದ ಪತ್ತೆಯಿಲ್ಲ. ಮಗಳು ಬೆಳಗಿನ ಪ್ರಾರ್ಥನೆಗೆ ಇಗರ್ಜಿಗೆಂದು ಬೇಗ ಹೊರಟ ಮೇಲೆ, ಶಾಲೆಗೆ ಹೋಗುವ ಹುಡುಗಿಯನ್ನು ದಾರಿಯಿಂದ ಕರೆಯುವುದು ಮುದುಕಿಯ ರೂಢಿಯಾಗಿತ್ತು. ಟೀಚರಿಗೆ ಗೊತ್ತಾದರೆ ತನಗೆ ಬೈಗುಳ ತಪ್ಪದು, ಹೇಳಬೇಡ ಎಂದೂ ತಾಕೀತು ಮಾಡಿದ್ದರಂತೆ. ಸಂಜೆ ಬಂದು ತಾವು ಮುಖ ತೊಳೆಯುತ್ತಿದ್ದದ್ದು ಯಾರು ಸೇದಿದ ನೀರು ಎಂದು ಟೀಚರಿಗೆ ಆಗ ತಿಳಿಯಿತು.

ಮರುದಿನ, ಎಲ್ಲ ಹೇಳಿಬಿಡಬೇಕೆಂದೇ ದೇರೆಬೈಲಿಗೆ ನಡೆದರು. ಆದರೆ ಮಾಯಿಲಪ್ಪ ಎದ್ದು ನಿಂತು, ಬೆಲ್ಲ ನೀರು ತರಿಸಿ ಉಪಚಾರ ಮಾಡಿದಾಗ ಧೈರ್ಯ ಜಾರಿತು. ಆ ಪದಕ್ಕೆ ನಿಧಾನವಾಗಿ ನಡೆಯುವುದು ಎಂದಷ್ಟೇ ಅರ್ಥ, ಗುಮಾಸ್ತರು ತಪ್ಪು ಹೇಳಿದ್ದಾರೆ ಎಂದುಬಿಟ್ಟರು.

ಬಾಗಿಲ ಬಳಿಯಿದ್ದ ಕುಶಲಾ ತರಗತಿಯಲ್ಲಿ ನಿಲ್ಲುವ ಹಾಗೆಯೇ ಕೈಕಟ್ಟಿ ನಿಂತಳು.

"ಅಲ್ಲ ಟೀಚರ್, ಸಮಯ ಹಾಳು ಮಾಡುವುದು. ನೀವೇ ಹೇಳಿಕೊಟ್ಟದ್ದು."

ಟೀಚರ್ ಪರೀಕ್ಷೆ ಮಾಡುತ್ತಿದ್ದಾರೆಂದು ಪಾಪ ಅವಳು ತಿಳಿದಿದ್ದಳು. ಗೆರ್ಟ್ರೂಡ್ ಟೀಚರ್ ತಲೆ ತಗ್ಗಿಸಿದರು. ಇವಳಿಗೆ ತಡವಾಗುತ್ತಿದ್ದದ್ದು ತಮ್ಮ ಮನೆಯ ನೀರು ಸೇದಿ, ಬೋರ್ಡಿನ ಮೇಲೆ ಸುಳ್ಳು ಬರೆದದ್ದು ತಾವು, ಈಗ ಹೇಳಿದ್ದೂ ಸುಳ್ಳೇ ಎಂದು ತಡವರಿಸುತ್ತ ಒಪ್ಪಿಕೊಂಡು, ಮಗುವನ್ನು ಶಾಲೆಗೆ ಕಳಿಸಿಕೊಡಿ ಎಂದು ಕೈಮುಗಿದರು.

ಮಾಯಿಲಪ್ಪ ಸಿಟ್ಟು ಮಾಡಲಿಲ್ಲ.

"ನೀರು ಸೇದಲಿಕ್ಕೆ ಶಾಲೆ ಎಂತಕ್ಕೆ ಟೀಚರ್? ಬಾವಿ ನಮ್ಮಲ್ಲೂ ಉಂಟು," ಎಂದ.