ಮೂವತ್ತು ಅಡಿ

ರಾತ್ರಿ ಎರಡರ ಹೊತ್ತಿಗೆ ನೀರಿನ ಕೊಳಗದ ಮುಚ್ಚಳ ಕಿಣಿಕಿಣಿ ಎಂದಿತು. ಚಿನ್ನದ ಗಣಿಯ ಊರಿಗಾಂನಲ್ಲಿ ಆ ಸದ್ದಿಗೆ ಮಕ್ಕಳೂ ಏಳುವುದಿಲ್ಲ; ಕೆಳಗೆಲ್ಲೋ ಕಲ್ಲು ಸಿಡಿಯಿತೆಂದು ಮಗ್ಗುಲು ಬದಲಿಸುತ್ತಾರೆ. ಬಂಗಾರಪೇಟೆಯಿಂದ ಮದುವೆಯಾಗಿ ಬಂದ ವರಲಕ್ಷ್ಮಮ್ಮ ಮಾತ್ರ, ಎಲ್ಲಿ ಸಿಡಿಯಿತೋ ಎಂದು ಬೆಳಗಿನವರೆಗೆ ಎದ್ದು ಕೂತಳು.

ಎಪ್ಪತ್ತೊಂಬತ್ತರ ಬೇಸಿಗೆ ಅದು. ಬಿ.ಎಸ್ಸಿ. ಓದಿದ್ದ ಅವಳಿಗೆ ಗಣಿಯ ಕಚೇರಿಯಲ್ಲಿ ಕೆಲಸ. ಸುರಂಗ ಹೋಗಬೇಕಾದ ದಿಕ್ಕಿಗೆ ಮೊದಲೇ ತೂತು ಕೊರೆದು ತೆಗೆದ ಕಲ್ಲಿನ ಕೋಲುಗಳನ್ನು ನೋಡಿ, ಎಷ್ಟನೇ ಅಡಿಗೆ ಎಂಥ ಕಲ್ಲಿದೆ ಎಂದು ಬರೆಯಬೇಕು. ಹಿಂದಿನ ವಾರ ಕೋಲುಗಳ ಟ್ರೇ ಅವಳ ಕೈಜಾರಿ ಬಿದ್ದು, ಅಡಿ ಗುರುತಿಸಿದ್ದ ಮರದ ತುಂಡುಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. ಟ್ರೇ ಹೊತ್ತು ತಂದಿದ್ದ ಪಕ್ಕದ ಮನೆಯ ಆರುಮುಗಂ ಕೂತು ಆಯ್ದುಕೊಟ್ಟಿದ್ದ. ಸುರಂಗಕ್ಕೆ ಮರದ ಆಸರೆ ಕೊಡುವ ಕೆಲಸದವನು.

“ಯಾಕಕ್ಕಾ ಇಂಗ್ ನಡುಗ್ತೀಯ? ಕಲ್ಗೆ ಜಾತ್ಕ ಬರ್ಯೋಳು ನೀನು. ಒಂದ್ ಮನೆ ಅತ್ತಿತ್ತ ಆದ್ರೆ ಮದ್ವೆ ನಿಂತೋಯ್ತದಾ?”

ಅವಳೂ ನಕ್ಕು, ತುಂಡುಗಳನ್ನು ಅಂದಾಜಿನಲ್ಲಿ ಇಟ್ಟು, ಮೆತ್ತನೆಯ ಕಪ್ಪು ಪದರ ಎಪ್ಪತ್ತನೇ ಅಡಿಯಲ್ಲಿದೆ ಎಂದು ದುಂಡಗೆ ಬರೆದಿದ್ದಳು. ಅದು ಇದ್ದದ್ದು ನಲವತ್ತರಲ್ಲಿ. ಎಪ್ಪತ್ತರ ತನಕ ಗಟ್ಟಿ ಕಲ್ಲೆಂದು ನಂಬಿ ಆ ರಾತ್ರಿಯ ಪಾಳಿಯವರು ಆಸರೆ ಕೊಡದೆ ಮುಂದೆ ಹೋದರು; ನಲವತ್ತರಲ್ಲೇ ಕಲ್ಲು ಸಿಡಿಯಿತು. ಸತ್ತವನು ಆರುಮುಗಂ ಒಬ್ಬನೇ.

ಹಾಲುತುಪ್ಪದ ದಿನ, ಎಲ್ಲ ಹೇಳಿಬಿಡಬೇಕೆಂದೇ ವರಲಕ್ಷ್ಮಮ್ಮ ಪಕ್ಕದ ಮನೆಗೆ ಹೋದಳು. ಅವನ ಹೆಂಡತಿ ಮುನಿರತ್ನಮ್ಮ ಗೋಡೆಗೊರಗಿದ್ದಳು.

“ಮರ ಕೊಡ್ದೆ ಮುಂದಕ್ಕೋದ್ನಂತೆ, ಅವ್ನೇ ಸೋಂಬೇರಿ ಅಂತಾವ್ರೆ. ನೀನು ಓದ್ದೋಳು. ಯಾಕ್ ಸಿಡೀತು, ಏಳಕ್ಕಾ.”

ವರಲಕ್ಷ್ಮಮ್ಮನ ಬಾಯಿಗೆ ಬೇರೆ ಮಾತು ಬಂತು.

“ಇದೆಲ್ಲ ಒಂದು ಕಾಲಕ್ಕೆ ಸಮುದ್ರದ ತಳ ಕಣಮ್ಮ. ನೆಲ ಕುಸಿದು ದೊಡ್ಡ ತಗ್ಗಾಗಿತ್ತು. ಅದರೊಳಗೆ ಕಾದ ಕಲ್ಲು ಉಕ್ಕಿ ಹರೀತು, ಅದರ ಮೇಲೆ ಕೆಸರು ಕೂತ್ಕೊಳ್ತು. ಆಮೇಲೆ ಎರಡೂ ಕಡೆಯ ನೆಲ ಬಂದು ಅದುಮಿ, ಚಾಪೆ ಮಡಿಸಿದ ಹಾಗೆ ಮಡಿಸಿ ನೆಟ್ಟಗೆ ನಿಲ್ಲಿಸಿಬಿಡ್ತು. ಇನ್ನೂರೆಪ್ಪತ್ತು ಕೋಟಿ ವರ್ಷ ಆಯ್ತು. ಆ ಒತ್ತಡ ಕಲ್ಲಿನೊಳಗೆ ಇನ್ನೂ ಇದೆ. ನಾವು ಕೊರೆದ ಕಡೆ ಸಿಡಿಯುತ್ತೆ.”

ಒಂದೊಂದು ಮಾತೂ ನಿಜವೇ ಆಗಿತ್ತು.

“ಅಂಗಾದ್ರೆ ಅವ್ನ್ ತಪ್ಪಿಲ್ಲ?”

“ಇಲ್ಲ.”

“ಯಾರ್ದೂ ಇಲ್ಲ?”

“ಇಲ್ಲಮ್ಮ.”

ಮುನಿರತ್ನಮ್ಮ ಮೂರು ದಿನಕ್ಕೆ ಮೊದಲ ಸಲ ಒಂದು ಲೋಟ ಕಾಫಿ ಕುಡಿದಳು. ಆ ಲೋಟವನ್ನು ತೊಳೆಯುತ್ತ ವರಲಕ್ಷ್ಮಮ್ಮ ಯೋಚಿಸಿದಳು. ಟ್ರೇ ಬಿದ್ದದ್ದನ್ನು ಕಂಡವನು ಆರುಮುಗಂ ಒಬ್ಬನೇ. ಕಚೇರಿಗೂ, ಗಂಡನಿಗೂ, ದೇವರ ಮುಂದೆ ಬಾಯಿಬಿಟ್ಟು ಕೂಡ, ಇದನ್ನು ಹೇಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಳು.